ಬೇರೆ ಬೇರೆ ಕಾಲದ ಹೆವಿವೇಟ್ ಬಾಕ್ಸರ್‌ಗಳ ಹಿರಿಮೆಯನ್ನು ಅಳೆಯುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

1969ರಲ್ಲಿ ಅಮೆರಿಕದ ಮಯಾಮಿಯ ಸ್ಟುಡಿಯೊವೊಂದರಲ್ಲಿ ಪ್ರೇಕ್ಷಕರೇ ಇಲ್ಲದ ರಿಂಗ್ ಕಟ್ಟಿ ಇಬ್ಬರು ಹೆವಿವೇಟ್ ಬಾಕ್ಸರ್‌ಗಳನ್ನು ಕ್ಯಾಮೆರಾದ ಮುಂದೆ ನಿಲ್ಲಿಸಲಾಯಿತು. ಒಬ್ಬರು, ಹದಿಮೂರು ವರ್ಷಗಳ ಹಿಂದೆಯೇ ಸೋಲಿಲ್ಲದೆ ನಿವೃತ್ತರಾಗಿದ್ದ ರಾಕಿ ಮಾರ್ಸಿಯಾನೊ. ಇನ್ನೊಬ್ಬರು, ಸೇನೆಗೆ ಸೇರಲು ನಿರಾಕರಿಸಿದ್ದಕ್ಕಾಗಿ ಪಟ್ಟ ಕಳೆದುಕೊಂಡು ರಿಂಗ್‌ನಿಂದ ದೂರ ಉಳಿಯಬೇಕಾಗಿದ್ದ ಮುಹಮ್ಮದ್ ಅಲಿ. ಇಬ್ಬರೂ ಹತ್ತಾರು ಪುಟ್ಟ ಸುತ್ತುಗಳನ್ನು ಅಭಿನಯಿಸಿದರು. ಇಬ್ಬರೂ ಕಾದಾಡಿದ್ದರೆ ಯಾರು ಗೆಲ್ಲುತ್ತಿದ್ದರು ಎಂದು ಕಂಪ್ಯೂಟರ್ ಲೆಕ್ಕ ಹಾಕಿ ಕೊಟ್ಟ ಫಲಿತಾಂಶಕ್ಕೆ ಹೊಂದುವಂತೆ ಆ ತುಣುಕುಗಳನ್ನು ಜೋಡಿಸಿ 1970ರ ಜನವರಿಯಲ್ಲಿ ಪ್ರದರ್ಶಿಸಿದರು. ಅದನ್ನು ನೋಡಲು ಮಾರ್ಸಿಯಾನೊ ಬದುಕಿರಲಿಲ್ಲ. 1969ರ ಆಗಸ್ಟ್ 31ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಅಮೆರಿಕದ ಪ್ರೇಕ್ಷಕರು ಕಂಡ ಚಿತ್ರದಲ್ಲಿ ಮಾರ್ಸಿಯಾನೊ 13ನೇ ಸುತ್ತಿನಲ್ಲಿ ಅಲಿಯವರನ್ನು ನಾಕೌಟ್ ಮಾಡಿದರು. ಬ್ರಿಟನ್‌ನ ಪ್ರೇಕ್ಷಕರು ಕಂಡ ಚಿತ್ರದಲ್ಲಿ ಗೆದ್ದವರು ಅಲಿ.

ದೇಶ ಬದಲಾದರೆ ಉತ್ತರ ಬದಲಾಗುತ್ತದೆ ಎಂದರೆ ದೋಷ ಇರುವುದು ಯಂತ್ರದಲ್ಲಿ ಮಾತ್ರ ಎಂದು ನಾನು ನಂಬುವುದಿಲ್ಲ. ಕೇಳಿದ ಪ್ರಶ್ನೆಯಲ್ಲೇ ದೋಷವಿದೆ. ಆದ್ದರಿಂದ ಈ ಮಾರ್ಗದರ್ಶಿ ಪ್ರಶ್ನೆಯನ್ನು ತಿದ್ದಿಕೊಳ್ಳುವುದರಿಂದಲೇ ಆರಂಭವಾಗುತ್ತದೆ.

ಮೊದಲ ಹೆಜ್ಜೆ: ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ

"ಇಬ್ಬರೂ ಕಾದಾಡಿದ್ದರೆ ಯಾರು ಗೆಲ್ಲುತ್ತಿದ್ದರು?" ಎಂಬುದು ಒಂದು ಪ್ರಶ್ನೆ. "ಇಬ್ಬರಲ್ಲಿ ಯಾರು ಹಿರಿಯರು?" ಎಂಬುದು ಬೇರೆಯೇ ಪ್ರಶ್ನೆ. ಹೆವಿವೇಟ್ ಚರ್ಚೆಗಳು ದಾರಿ ತಪ್ಪುವುದಕ್ಕೆ ಬಹುಪಾಲು ಕಾರಣ, ಮೊದಲನೆಯದಕ್ಕೆ ಹುಡುಕಿದ ಉತ್ತರವನ್ನು ಎರಡನೆಯದರ ಮೇಲೆ ಹೊರಿಸುವುದು. ಬಾಕ್ಸಿಂಗ್‌ನಲ್ಲಿ ಅ ಎಂಬವರು ಬ ಎಂಬವರನ್ನು ಸೋಲಿಸಿ, ಬ ಎಂಬವರು ಕ ಎಂಬವರನ್ನು ಸೋಲಿಸಿದ್ದರೂ ಅ ಎಂಬವರು ಕ ಎಂಬವರ ಮುಂದೆ ಸೋಲಬಹುದು. ಇದಕ್ಕೆ ಕಲ್ಪನೆಯ ನೆರವು ಬೇಕಿಲ್ಲ. ಜೋ ಫ್ರೇಜಿಯರ್ 1971ರಲ್ಲಿ ಅಲಿಯವರನ್ನು ಸೋಲಿಸಿದರು. ಜಾರ್ಜ್ ಫೋರ್‌ಮನ್ 1973ರ ಜನವರಿ 22ರಂದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಅದೇ ಫ್ರೇಜಿಯರ್ ಅವರನ್ನು ಎರಡೇ ಸುತ್ತುಗಳಲ್ಲಿ ಆರು ಬಾರಿ ಕೆಡವಿ ಪಟ್ಟ ಕಿತ್ತುಕೊಂಡರು. ಮರುವರ್ಷ ಆಫ್ರಿಕಾದ ಕಿನ್ಶಾಸಾದಲ್ಲಿ ಅಲಿ ಫೋರ್‌ಮನ್ ಅವರನ್ನು ನಾಕೌಟ್ ಮಾಡಿದರು. ಒಂದೇ ಕಾಲದಲ್ಲಿದ್ದ ಮೂವರನ್ನೇ ಹೀಗೆ ಸಾಲಾಗಿ ನಿಲ್ಲಿಸಲಾಗದಿರುವಾಗ, ಅರವತ್ತು ವರ್ಷಗಳ ಅಂತರದಲ್ಲಿದ್ದ ಇಬ್ಬರನ್ನು ಕಲ್ಪನೆಯ ರಿಂಗ್‌ನಲ್ಲಿ ಸೆಣಸಾಡಿಸಿ ತೀರ್ಪು ಕೊಡುವುದು ಸಾಧ್ಯವಿಲ್ಲದ ಮಾತು.

ಹಿರಿಮೆ ನಡೆದು ಹೋದದ್ದರ ಅಳತೆ. ಒಬ್ಬ ಬಾಕ್ಸರ್ ತನ್ನ ಕಾಲದ ನಿಯಮಗಳ ಒಳಗೆ, ತನ್ನ ಮುಂದೆ ಬಂದು ನಿಂತ ಎದುರಾಳಿಯನ್ನು, ಆ ಎದುರಾಳಿ ಆ ದಿನ ಯಾವ ಸ್ಥಿತಿಯಲ್ಲಿದ್ದನೋ ಆ ಸ್ಥಿತಿಯಲ್ಲಿ ಎದುರಿಸಿ ಏನು ಸಾಧಿಸಿದ ಎಂಬುದನ್ನು ನಾವು ತೂಗಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನ ವಿಸ್ತರಣೆಯೇ.

ಎರಡನೆಯ ಹೆಜ್ಜೆ: ಆ ಕಾಲದ ನಿಯಮಗಳನ್ನು ಮೊದಲು ಓದಿಕೊಳ್ಳಿ

ಯಾವುದೇ ಬಾಕ್ಸರ್‌ನ ದಾಖಲೆ ತೆರೆಯುವ ಮುನ್ನ, ಆತ ಆಡಿದ ವರ್ಷಗಳಲ್ಲಿ ಆಟ ಹೇಗಿತ್ತು ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಳ್ಳಿ. ಜಾನ್ ಎಲ್. ಸಲಿವನ್ 1889ರಲ್ಲಿ ಜೇಕ್ ಕಿಲ್ರೇನ್ ಅವರ ವಿರುದ್ಧ ಗ್ಲೌಸ್ ಇಲ್ಲದೆ 75 ಸುತ್ತು ಕಾದಾಡಿ ಗೆದ್ದರು. ಅದೇ ಸಲಿವನ್ 1892ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಆಧುನಿಕ ಬಾಕ್ಸಿಂಗ್‌ನ ಬುನಾದಿಯಾದ ಕ್ವೀನ್ಸ್‌ಬೆರಿ ನಿಯಮಗಳಂತೆ ಗ್ಲೌಸ್ ತೊಟ್ಟು ಜಿಮ್ ಕಾರ್ಬೆಟ್ ಅವರಿಗೆ 21ನೇ ಸುತ್ತಿನಲ್ಲಿ ಸೋತರು. ನಡುವೆ ಮೂರೇ ವರ್ಷ, ಆದರೆ ಆಟ ಎರಡು. 1919ರ ಜುಲೈ 4ರಂದು ಟೊಲಿಡೊದಲ್ಲಿ ಜ್ಯಾಕ್ ಡೆಂಪ್ಸಿ ಮೊದಲ ಸುತ್ತಿನಲ್ಲೇ ಜೆಸ್ ವಿಲರ್ಡ್ ಅವರನ್ನು ಏಳು ಬಾರಿ ಕೆಡವಿದರು. ಆಗ ಬಿದ್ದ ಎದುರಾಳಿಯ ಪಕ್ಕದಲ್ಲೇ ನಿಂತು, ಆತ ಏಳುತ್ತಿದ್ದಂತೆ ಮತ್ತೆ ಹೊಡೆಯಬಹುದಿತ್ತು. 1927ರಲ್ಲಿ ಶಿಕಾಗೊದಲ್ಲಿ ಜೀನ್ ಟನಿ ಅವರನ್ನು ಏಳನೆಯ ಸುತ್ತಿನಲ್ಲಿ ಕೆಡವಿದಾಗಲೂ ಡೆಂಪ್ಸಿ ಅದೇ ಅಭ್ಯಾಸದಂತೆ ಹತ್ತಿರವೇ ನಿಂತರು. ಅಷ್ಟರಲ್ಲಿ ನಿಯಮ ಬದಲಾಗಿತ್ತು. ಅವರು ದೂರದ ತಟಸ್ಥ ಮೂಲೆಗೆ ಹೋಗುವವರೆಗೆ ರೆಫರಿ ಎಣಿಕೆ ಆರಂಭಿಸಲಿಲ್ಲ, ಟನಿಯವರಿಗೆ ಚೇತರಿಸಿಕೊಳ್ಳಲು ಹೆಚ್ಚಿನ ಕ್ಷಣಗಳು ಸಿಕ್ಕವು, ಡೆಂಪ್ಸಿ ಅಂಕಗಳ ಮೇಲೆ ಸೋತರು.

ಸುತ್ತುಗಳ ಸಂಖ್ಯೆಯ ಬಗ್ಗೆ ಇನ್ನಷ್ಟು ನಿಧಾನವಾಗಿ ಯೋಚಿಸಬೇಕು. 1982ರ ನವೆಂಬರ್‌ನಲ್ಲಿ ರೇ ಮ್ಯಾನ್ಸಿನಿ ವಿರುದ್ಧದ ಪಂದ್ಯದ 14ನೇ ಸುತ್ತಿನಲ್ಲಿ ಬಿದ್ದ ಕೊರಿಯಾದ ಲೈಟ್‌ವೇಟ್ ಬಾಕ್ಸರ್ ಕಿಮ್ ದುಕ್ ಕೂ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಬಳಿಕ ವಿಶ್ವ ಪಟ್ಟದ ಪಂದ್ಯಗಳು 15 ಸುತ್ತುಗಳಿಂದ 12ಕ್ಕೆ ಇಳಿಯತೊಡಗಿ, ಆ ದಶಕ ಮುಗಿಯುವ ಹೊತ್ತಿಗೆ ಅದೇ ಎಲ್ಲೆಡೆಯ ನಿಯಮವಾಯಿತು. ಈಗ ಹಳೆಯ ಪಂದ್ಯಗಳತ್ತ ನೋಡಿ. 1941ರ ಜೂನ್‌ನಲ್ಲಿ ಬಿಲ್ಲಿ ಕಾನ್ ವಿರುದ್ಧ ಜೋ ಲೂಯಿಸ್ 12 ಸುತ್ತು ಮುಗಿದಾಗ ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಹಿಂದಿದ್ದರು, ಮೂರನೆಯವರಲ್ಲಿ ಸಮವಾಗಿದ್ದರು. 13ನೇ ಸುತ್ತಿನ ಕೊನೆಯ ಕ್ಷಣಗಳಲ್ಲಿ ಕಾನ್ ಅವರನ್ನು ನಾಕೌಟ್ ಮಾಡಿ ಪಟ್ಟ ಉಳಿಸಿಕೊಂಡರು. 1952ರಲ್ಲಿ ಜರ್ಸಿ ಜೋ ವಾಲ್ಕಾಟ್ ವಿರುದ್ಧ ಮಾರ್ಸಿಯಾನೊ ಮೂವರ ಲೆಕ್ಕದಲ್ಲೂ ಹಿಂದಿದ್ದು ಗೆದ್ದದ್ದೂ 13ನೇ ಸುತ್ತಿನಲ್ಲೇ. 12 ಸುತ್ತುಗಳ ನಿಯಮವಿದ್ದಿದ್ದರೆ ಲೂಯಿಸ್ ಸೋಲುತ್ತಿದ್ದರು, ಮಾರ್ಸಿಯಾನೊ ಅಂದು ಚಾಂಪಿಯನ್ ಆಗುತ್ತಲೇ ಇರಲಿಲ್ಲ ಎಂದು ಹೇಳಲು ಮನಸ್ಸು ಎಳೆಯುತ್ತದೆ. ಹಾಗೆ ಹೇಳಬೇಡಿ. ಹದಿನೈದು ಸುತ್ತುಗಳಿವೆ ಎಂದು ಗೊತ್ತಿದ್ದವನು ಉಸಿರನ್ನು ಹಂಚಿಕೊಳ್ಳುವ ರೀತಿಯೇ ಬೇರೆ, ಹನ್ನೆರಡಕ್ಕೆ ಮುಗಿಯುತ್ತದೆ ಎಂದು ಗೊತ್ತಿದ್ದವನು ಹಂಚಿಕೊಳ್ಳುವ ರೀತಿಯೇ ಬೇರೆ. ಇಲ್ಲಿಂದ ಕಲಿಯಬೇಕಾದದ್ದು ಇಷ್ಟು: ಹಳೆಯವರಿಂದ ಆಟ ಕೇಳುತ್ತಿದ್ದದ್ದು ಇನ್ನೂ ಮೂರು ಸುತ್ತುಗಳ ದಮ್ಮು, ಮತ್ತು ಆ ಮೂರು ಸುತ್ತುಗಳಲ್ಲಿ ಅವರು ಏನು ಮಾಡಿದರು ಎಂಬುದಕ್ಕೆ ನಿಮ್ಮ ತೀರ್ಪಿನಲ್ಲಿ ಜಾಗವಿರಬೇಕು.

ಪಟ್ಟಗಳ ಸಂಖ್ಯೆಯೂ ಹಾಗೆಯೇ. ಲೂಯಿಸ್ ಕಾಲದಲ್ಲಿ ವಿಶ್ವ ಹೆವಿವೇಟ್ ಚಾಂಪಿಯನ್ ಎಂದರೆ ಒಬ್ಬರೇ. ಡಬ್ಲ್ಯುಬಿಎ, 1963ರಲ್ಲಿ ಹುಟ್ಟಿದ ಡಬ್ಲ್ಯುಬಿಸಿ, 1983ರ ಐಬಿಎಫ್, 1988ರ ಡಬ್ಲ್ಯುಬಿಒ ಎಂದು ನಾಲ್ಕು ಸಂಸ್ಥೆಗಳು ನಾಲ್ಕು ಬೆಲ್ಟ್ ಕೊಡತೊಡಗಿದ ಮೇಲೆ "ಇಷ್ಟು ಬಾರಿ ಚಾಂಪಿಯನ್" ಎಂಬ ಮಾತಿನ ತೂಕ ಕಡಿಮೆಯಾಯಿತು. ಪಟ್ಟ ಕೈತಪ್ಪಿದರೂ ಇನ್ನೊಂದು ಬೆಲ್ಟ್ ಸಿಗುವ ಕಾಲದಲ್ಲಿ, ಎಷ್ಟು ಬಾರಿ ಗೆದ್ದರು ಎಂಬುದಕ್ಕಿಂತ ಯಾರಿಂದ ಗೆದ್ದರು ಎಂಬುದನ್ನೇ ಕೇಳಬೇಕು.

ಮೂರನೆಯ ಹೆಜ್ಜೆ: ಪ್ರತಿ ಗೆಲುವನ್ನೂ ಆ ದಿನದ ಬೆಲೆಯಲ್ಲಿ ಓದಿ

ಇಡೀ ಕೆಲಸದ ತಿರುಳು ಇಲ್ಲಿದೆ, ಹೆಚ್ಚು ಸಮಯ ಬೇಡುವುದೂ ಇದೇ. ಒಂದು ನೋಟ್‌ಬುಕ್ ತೆಗೆದುಕೊಂಡು, ಬಾಕ್ಸರ್‌ನ ಮುಖ್ಯವಾದ ಹತ್ತು ಹನ್ನೆರಡು ಗೆಲುವುಗಳನ್ನು ಒಂದರ ಕೆಳಗೊಂದು ಬರೆಯಿರಿ. ಪ್ರತಿ ಹೆಸರಿನ ಮುಂದೆ ನಾಲ್ಕು ಅಂಕಣ ಎಳೆಯಿರಿ: ಪಂದ್ಯದ ದಿನ ಎದುರಾಳಿಯ ವಯಸ್ಸು, ಅದಕ್ಕೂ ಹಿಂದಿನ ಎರಡು ವರ್ಷಗಳಲ್ಲಿ ಆತನ ಫಲಿತಾಂಶಗಳು, ಎಷ್ಟು ತಿಂಗಳ ಬಿಡುವಿನ ನಂತರ ರಿಂಗ್‌ಗೆ ಇಳಿದ, ಈ ಸೋಲಿನ ನಂತರ ಆತ ಏನು ಮಾಡಿದ. ಕೊನೆಯ ಅಂಕಣವನ್ನು ಬಹಳ ಜನ ಮರೆಯುತ್ತಾರೆ. ಸೋತ ಮೇಲೂ ದೊಡ್ಡವರನ್ನು ಸೋಲಿಸುತ್ತ ಹೋದವನು ಅಂದು ಮುಗಿದು ಹೋದವನಾಗಿರಲಿಲ್ಲ ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇರೆ ಇಲ್ಲ.

ಮಾರ್ಸಿಯಾನೊ ಅವರನ್ನೇ ತೆಗೆದುಕೊಳ್ಳೋಣ. 49 ಪಂದ್ಯ, 49 ಗೆಲುವು, ಅದರಲ್ಲಿ 43 ನಾಕೌಟ್. ಈ ಅಂಕಿಯ ಬಲದಿಂದ ನಾನು ಬಹಳ ವರ್ಷ ಅವರನ್ನೇ ಎಲ್ಲರಿಗಿಂತ ಮೇಲಿಟ್ಟಿದ್ದೆ. ಅಂಕಣ ತುಂಬಲು ಕುಳಿತಾಗ ಚಿತ್ರ ಬದಲಾಯಿತು. 1951ರ ಅಕ್ಟೋಬರ್ 26ರಂದು ಅವರು ಎಂಟನೆಯ ಸುತ್ತಿನಲ್ಲಿ ನಾಕೌಟ್ ಮಾಡಿದ ಜೋ ಲೂಯಿಸ್ ಅವರಿಗೆ 37 ವರ್ಷ. ಒಮ್ಮೆ ನಿವೃತ್ತರಾಗಿ ಮರಳಿ ಬಂದವರು, ಹಿಂದಿನ ವರ್ಷವಷ್ಟೇ ಎಜರ್ಡ್ ಚಾರ್ಲ್ಸ್ ಅವರಿಗೆ ಸೋತವರು. ಪಟ್ಟ ಕಿತ್ತುಕೊಂಡದ್ದು 38 ವರ್ಷದ ವಾಲ್ಕಾಟ್ ಅವರಿಂದ. ಕೊನೆಯ ಪಂದ್ಯದ ಎದುರಾಳಿ ಆರ್ಚಿ ಮೂರ್ ಕೂಡ ನಲವತ್ತರ ಆಸುಪಾಸಿನವರು, ಮೇಲಾಗಿ ಹೆವಿವೇಟ್‌ಗಿಂತ ಕೆಳಗಿನ ಲೈಟ್ ಹೆವಿವೇಟ್ ವರ್ಗದ ಚಾಂಪಿಯನ್.

ಇಷ್ಟಕ್ಕೇ ನಿಲ್ಲಿಸಿ "ಮಾರ್ಸಿಯಾನೊ ಮುದುಕರನ್ನು ಹೊಡೆದರು" ಎಂದು ಬರೆದುಬಿಡುವವರಿದ್ದಾರೆ. ಅದು ಅರ್ಧ ಓದು. ಉಳಿದ ಅಂಕಣಗಳನ್ನೂ ತುಂಬಬೇಕು. ಲೂಯಿಸ್ ಚಾರ್ಲ್ಸ್‌ಗೆ ಸೋತ ನಂತರ ಸತತ ಎಂಟು ಪಂದ್ಯ ಗೆದ್ದು ಬಂದಿದ್ದರು. ವಾಲ್ಕಾಟ್ 37ರ ವಯಸ್ಸಿನಲ್ಲಿ ಚಾರ್ಲ್ಸ್ ಅವರನ್ನು ಒಂದೇ ಎಡಗೈ ಹುಕ್‌ನಿಂದ (ಪಕ್ಕದಿಂದ ಬಾಗಿ ಬರುವ ಹೊಡೆತ) ಕೆಡವಿ ಪಟ್ಟ ಗೆದ್ದು, ಮತ್ತೊಮ್ಮೆ ಅವರ ವಿರುದ್ಧವೇ ಅದನ್ನು ಉಳಿಸಿಕೊಂಡಿದ್ದರು; ಅವರ ಆಟ ಪಕ್ವವಾದದ್ದೇ ತಡವಾಗಿ. ಹಾಗಾಗಿ ನನ್ನ ನೋಟ್‌ಬುಕ್‌ನಲ್ಲಿ ಲೂಯಿಸ್ ವಿರುದ್ಧದ ಗೆಲುವಿಗೆ ಕಡಿಮೆ ಬೆಲೆ, ವಾಲ್ಕಾಟ್ ವಿರುದ್ಧದ ಮೊದಲ ಗೆಲುವಿಗೆ ಬಹಳ ಹೆಚ್ಚು ಬೆಲೆ. ಹೆಸರಿನ ತೂಕದಲ್ಲಿ ಲೂಯಿಸ್ ಎಲ್ಲೋ ಮೇಲಿದ್ದಾರೆ, ಆದರೆ ಆ ದಿನ ರಿಂಗ್‌ನಲ್ಲಿದ್ದ ಮನುಷ್ಯನ ತೂಕದಲ್ಲಿ ವಾಲ್ಕಾಟ್ ಮೇಲು.

ಲ್ಯಾರಿ ಹೋಮ್ಸ್ ಅವರ ಬದುಕು ಇದೇ ಪಾಠವನ್ನು ಎರಡು ಕಡೆಯಿಂದಲೂ ತೋರಿಸುತ್ತದೆ. 1980ರ ಅಕ್ಟೋಬರ್‌ನಲ್ಲಿ ಅವರು ಅಲಿಯವರನ್ನು ಹತ್ತು ಸುತ್ತು ಹೊಡೆದು ಮೂಲೆಯಿಂದ ಏಳದಂತೆ ಮಾಡಿದಾಗ ಅಲಿಯವರಿಗೆ 38 ವರ್ಷ, ಎರಡು ವರ್ಷದಿಂದ ಅವರು ಆಡಿರಲಿಲ್ಲ. 1988ರ ಜನವರಿಯಲ್ಲಿ ಮೈಕ್ ಟೈಸನ್ ನಾಲ್ಕನೆಯ ಸುತ್ತಿನಲ್ಲಿ ಹೋಮ್ಸ್ ಅವರನ್ನು ನಾಕೌಟ್ ಮಾಡಿದಾಗ ಹೋಮ್ಸ್ ಅವರಿಗೂ 38 ವರ್ಷ, ಅವರೂ ಸುಮಾರು ಎರಡು ವರ್ಷದಿಂದ ಆಡಿರಲಿಲ್ಲ. ಅಲಿ ವಿರುದ್ಧದ ಗೆಲುವನ್ನು ಹೋಮ್ಸ್ ಖಾತೆಗೆ ಹಾಕಲು ಹಿಂಜರಿಯುವವರು, ಹೋಮ್ಸ್ ವಿರುದ್ಧದ ಗೆಲುವನ್ನು ಟೈಸನ್ ಖಾತೆಗೆ ಧಾರಾಳವಾಗಿ ಹಾಕುವುದನ್ನು ನಾನು ಎಷ್ಟೋ ಸಲ ಓದಿದ್ದೇನೆ. ಒಂದು ತಕ್ಕಡಿಯಲ್ಲಿ ಒಂದೇ ಕಲ್ಲು ಇರಬೇಕು.

ವಯಸ್ಸೊಂದನ್ನೇ ನೋಡಿದರೂ ಮೋಸ ಹೋಗುತ್ತೇವೆ. 2002ರಲ್ಲಿ ಮೆಂಫಿಸ್‌ನಲ್ಲಿ ಲೆನಾಕ್ಸ್ ಲೂಯಿಸ್ ಟೈಸನ್ ಅವರನ್ನು ಎಂಟನೆಯ ಸುತ್ತಿನಲ್ಲಿ ನಾಕೌಟ್ ಮಾಡಿದಾಗ ಇಬ್ಬರಲ್ಲಿ ಹಿರಿಯರು ಲೂಯಿಸ್ ಅವರೇ. ಆದರೂ ಆ ರಾತ್ರಿ ಬಸವಳಿದಿದ್ದವರು ಟೈಸನ್. ಇಪ್ಪತ್ತನೆಯ ವಯಸ್ಸಿಗೇ ಚಾಂಪಿಯನ್ ಆಗಿ, ನಂತರ ಜೈಲಿನಲ್ಲೂ ವರ್ಷಗಟ್ಟಲೆ ಕಳೆದು, ಒಂದೊಂದಾಗಿ ಅಭ್ಯಾಸಗಳನ್ನು ಕಳೆದುಕೊಂಡ ಬಾಕ್ಸರ್ ಅವರು. ಹುಟ್ಟಿದ ವರ್ಷಕ್ಕಿಂತ, ಎಷ್ಟು ವರ್ಷಗಳಿಂದ ಎಷ್ಟು ಏಟು ತಿಂದಿದ್ದಾರೆ ಎಂಬುದು ಮೈಯ ಸ್ಥಿತಿಯನ್ನು ಹೆಚ್ಚು ನಿಖರವಾಗಿ ಹೇಳುತ್ತದೆ.

ನಾಲ್ಕೂ ಅಂಕಣಗಳು ತುಂಬಿ ತುಳುಕುವ ಗೆಲುವು ಹೇಗಿರುತ್ತದೆ ಎಂದು ನೋಡಬೇಕಾದರೆ 1974ರ ಅಕ್ಟೋಬರ್ 30ರ ಕಿನ್ಶಾಸಾ ಪಂದ್ಯವನ್ನು ಬರೆಯಿರಿ. ಎದುರಾಳಿ ಫೋರ್‌ಮನ್, ವಯಸ್ಸು 25. ಆವರೆಗೆ 40 ಪಂದ್ಯ, ಒಂದೂ ಸೋಲಿಲ್ಲ. ಹಿಂದಿನ ಎರಡು ವರ್ಷಗಳಲ್ಲಿ, ಅಲಿಯವರನ್ನು ಸೋಲಿಸಿದ್ದ ಫ್ರೇಜಿಯರ್ ಮತ್ತು ಕೆನ್ ನಾರ್ಟನ್ ಇಬ್ಬರನ್ನೂ ಎರಡೆರಡೇ ಸುತ್ತುಗಳಲ್ಲಿ ಮುಗಿಸಿದ್ದವರು. ಬಿಡುವು, ಏಳು ತಿಂಗಳು. ಮುಂದೆ ಏನು ಮಾಡಿದರು? ಇಪ್ಪತ್ತು ವರ್ಷಗಳ ನಂತರ, 1994ರ ನವೆಂಬರ್ 5ರಂದು, 45ರ ವಯಸ್ಸಿನಲ್ಲಿ ಮೈಕಲ್ ಮೂರರ್ ಅವರನ್ನು ಹತ್ತನೆಯ ಸುತ್ತಿನಲ್ಲಿ ನಾಕೌಟ್ ಮಾಡಿ ಮತ್ತೆ ವಿಶ್ವ ಚಾಂಪಿಯನ್ ಆದರು. ಗೆದ್ದ ಅಲಿಯವರಿಗೆ ಆ ದಿನ 32 ವರ್ಷ. ಹೆವಿವೇಟ್ ಚರಿತ್ರೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಒಂದೇ ಒಂದು ಗೆಲುವನ್ನು ನಾನು ಈವರೆಗೆ ಕಂಡಿಲ್ಲ.

ನಾಲ್ಕನೆಯ ಹೆಜ್ಜೆ: ನಡೆಯದೆ ಹೋದ ಪಂದ್ಯಗಳನ್ನೂ ಬರೆದುಕೊಳ್ಳಿ

ದಾಖಲೆಯಲ್ಲಿ ಇಲ್ಲದ ಹೆಸರುಗಳು ಇರುವ ಹೆಸರುಗಳಷ್ಟೇ ಮಾತಾಡುತ್ತವೆ. ಸಲಿವನ್ ಕಪ್ಪು ಜನಾಂಗದ ಬಾಕ್ಸರ್‌ಗಳ ಜೊತೆ ಪಟ್ಟಕ್ಕಾಗಿ ಕಾದಾಡುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಅದರಿಂದ ಪೀಟರ್ ಜ್ಯಾಕ್ಸನ್ ಅವರಂಥ ಶ್ರೇಷ್ಠರಿಗೆ ಅವಕಾಶವೇ ಸಿಗಲಿಲ್ಲ. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಟಾಮಿ ಬರ್ನ್ಸ್ ಅವರನ್ನು ಸೋಲಿಸಿ ಕಪ್ಪು ಜನಾಂಗದ ಜ್ಯಾಕ್ ಜಾನ್ಸನ್ ಈ ಗೋಡೆ ಒಡೆದರು. 1915ರಲ್ಲಿ ಹವಾನಾದಲ್ಲಿ ಜಾನ್ಸನ್ ಸೋತ ಮೇಲೆ ಗೋಡೆ ಮತ್ತೆ ಎದ್ದು ನಿಂತಿತು. 1937ರಲ್ಲಿ ಜೋ ಲೂಯಿಸ್ ಜೇಮ್ಸ್ ಬ್ರಾಡಕ್ ವಿರುದ್ಧ ರಿಂಗ್‌ಗೆ ಇಳಿಯುವವರೆಗೆ, ಇಪ್ಪತ್ತೆರಡು ವರ್ಷ, ಒಬ್ಬ ಕಪ್ಪು ಬಾಕ್ಸರ್‌ಗೂ ವಿಶ್ವ ಹೆವಿವೇಟ್ ಪಟ್ಟಕ್ಕಾಗಿ ಸೆಣಸುವ ಅವಕಾಶ ಕೊಡಲಿಲ್ಲ. ಆ ಅವಧಿಯ ನಡುವೆ ಏಳು ವರ್ಷ ಚಾಂಪಿಯನ್ ಆಗಿದ್ದವರು ಡೆಂಪ್ಸಿ, ಅವರೆದುರು ನಿಲ್ಲಲು ವರ್ಷಗಟ್ಟಲೆ ಕಾದವರು ಹ್ಯಾರಿ ವಿಲ್ಸ್. ಪಂದ್ಯ ನಡೆಯದೆ ಹೋದದ್ದಕ್ಕೆ ಡೆಂಪ್ಸಿಯವರಿಗಿಂತ ಪ್ರವರ್ತಕರು ಮತ್ತು ಅಧಿಕಾರಸ್ಥರು ಹೆಚ್ಚು ಹೊಣೆ ಎಂಬ ವಾದವನ್ನು ನಾನು ಒಪ್ಪಬಲ್ಲೆ. ಹಾಗೆಂದು, ನಡೆಯದ ಪಂದ್ಯದ ಗೆಲುವನ್ನು ಡೆಂಪ್ಸಿಯವರ ಖಾತೆಗೆ ಸೇರಿಸಲು ಬರುವುದಿಲ್ಲ. ಹೊಣೆ ಯಾರದು ಎಂಬುದು ನೈತಿಕ ಪ್ರಶ್ನೆ. ಸಾಧನೆಯ ಪಟ್ಟಿಯಲ್ಲಿ ಆ ಜಾಗ ಖಾಲಿಯೇ.

ಇನ್ನೂ ನೋವಿನ ಸಂಗತಿಯೆಂದರೆ ಜಾನ್ಸನ್ ಅವರದು. ಚಾಂಪಿಯನ್ ಆದ ಮೇಲೆ ಅವರು ತಮ್ಮ ಕಾಲದ ಅತ್ಯುತ್ತಮ ಕಪ್ಪು ಬಾಕ್ಸರ್‌ಗಳಾದ ಸ್ಯಾಮ್ ಲ್ಯಾಂಗ್‌ಫರ್ಡ್, ಜೋ ಜೆನೆಟ್, ಸ್ಯಾಮ್ ಮ್ಯಾಕ್‌ವೇ ಯಾರಿಗೂ ಪಟ್ಟದ ಪಂದ್ಯ ಕೊಡಲಿಲ್ಲ. 1906ರಲ್ಲಿ ತಮಗಿಂತ ಬಹಳ ಹಗುರವಾಗಿದ್ದ ಲ್ಯಾಂಗ್‌ಫರ್ಡ್ ಅವರನ್ನು ಅಂಕಗಳ ಮೇಲೆ ಸೋಲಿಸಿದ್ದು ನಿಜ. ಆದರೆ ಲ್ಯಾಂಗ್‌ಫರ್ಡ್ ಪೂರ್ಣವಾಗಿ ಬೆಳೆದದ್ದು ಅದರ ನಂತರ, ಆಮೇಲೆ ಅವರಿಬ್ಬರು ಎದುರಾಗಲೇ ಇಲ್ಲ.

ಹತ್ತಿರದ ಕಾಲದಲ್ಲಿ ಕಾರಣಗಳು ಬೇರೆ, ಖಾಲಿ ಜಾಗ ಮಾತ್ರ ಅದೇ. 1992ರಲ್ಲಿ ಆಗಿನ ಚಾಂಪಿಯನ್ ರಿಡಿಕ್ ಬೋ ಡಬ್ಲ್ಯುಬಿಸಿ ಬೆಲ್ಟನ್ನು ಲಂಡನ್‌ನಲ್ಲಿ ಪತ್ರಕರ್ತರೆದುರು ಕಸದ ಬುಟ್ಟಿಗೆ ಹಾಕಿದರು. ಲೆನಾಕ್ಸ್ ಲೂಯಿಸ್ ವಿರುದ್ಧ ನಡೆಯಬೇಕಿದ್ದ ಪಂದ್ಯ ಅಲ್ಲಿಗೇ ಮುಗಿಯಿತು. ವಿಟಾಲಿ ಮತ್ತು ವ್ಲಾದಿಮಿರ್ ಕ್ಲಿಚ್ಕೊ ಅಣ್ಣತಮ್ಮಂದಿರಾದ್ದರಿಂದ ಒಬ್ಬರನ್ನೊಬ್ಬರು ಎದುರಿಸಲಿಲ್ಲ. ಅದರಲ್ಲಿ ತಪ್ಪು ಹುಡುಕುವ ಮನಸ್ಸು ಯಾರಿಗೂ ಬರಬಾರದು. ಆದರೂ ವ್ಲಾದಿಮಿರ್ ಅವರ ಒಂಬತ್ತೂವರೆ ವರ್ಷಗಳ ಆಳ್ವಿಕೆಯನ್ನು ತೂಗುವಾಗ, ಅದರ ಹೆಚ್ಚಿನ ಕಾಲದಲ್ಲಿ ಅವರ ಅತಿ ಬಲಿಷ್ಠ ಎದುರಾಳಿಯಾಗಬಹುದಾಗಿದ್ದವರು ಮನೆಯೊಳಗೇ ಇದ್ದರು ಎಂಬುದು ನೆನಪಿರಬೇಕು.

ಐದನೆಯ ಹೆಜ್ಜೆ: ಸೋಲನ್ನು ಎಣಿಸಬೇಡಿ, ಓದಿ

ಸೋಲಿನ ಬಗ್ಗೆ ಕೇಳಬೇಕಾದದ್ದು ಮೂರು. ಯಾರಿಗೆ ಸೋತರು, ಯಾವ ಘಟ್ಟದಲ್ಲಿ ಸೋತರು, ಮತ್ತು ಮರುದಿನದಿಂದ ಏನು ತಿದ್ದಿಕೊಂಡರು. 1936ರ ಜೂನ್‌ನಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಜೋ ಲೂಯಿಸ್ ಅವರ ಆಟವನ್ನು ಮೊದಲೇ ಗಮನಿಸಿ ಒಂದು ದೋಷ ಕಂಡುಕೊಂಡಿದ್ದರು: ಎಡಗೈಯಿಂದ ಜ್ಯಾಬ್, ಅಂದರೆ ಚುರುಕಾದ ನೇರ ಹೊಡೆತ, ಹೊಡೆದ ಮೇಲೆ ಲೂಯಿಸ್ ಆ ಕೈಯನ್ನು ಕೆಳಗಿಳಿಸಿ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ತೆರೆದುಕೊಂಡ ಆ ಕೆನ್ನೆಗೆ ಶ್ಮೆಲಿಂಗ್ ಬಲಗೈ ಹೊಡೆತವನ್ನು ಮತ್ತೆ ಮತ್ತೆ ಇಳಿಸಿ 12ನೇ ಸುತ್ತಿನಲ್ಲಿ ನಾಕೌಟ್ ಮಾಡಿದರು. ಎರಡು ವರ್ಷದ ನಂತರ, 1938ರ ಜೂನ್ 22ರಂದು, ಲೂಯಿಸ್ ಅದೇ ಶ್ಮೆಲಿಂಗ್ ಅವರನ್ನು 124 ಸೆಕೆಂಡುಗಳಲ್ಲಿ ಮುಗಿಸಿದರು. ಮೊದಲ ಸೋಲು ಇಲ್ಲದಿದ್ದರೆ ಲೂಯಿಸ್ ಅವರ ಹಿರಿಮೆಗೆ ಒಂದು ಮುಖ್ಯ ಸಾಕ್ಷಿಯೇ ಇರುತ್ತಿರಲಿಲ್ಲ.

ಲೆನಾಕ್ಸ್ ಲೂಯಿಸ್ ವೃತ್ತಿಯಲ್ಲಿ ಎರಡೇ ಸಲ ಸೋತರು, 1994ರಲ್ಲಿ ಆಲಿವರ್ ಮೆಕಾಲ್ ಅವರಿಗೆ ಮತ್ತು 2001ರಲ್ಲಿ ಹಸೀಮ್ ರಹಮಾನ್ ಅವರಿಗೆ. ಎರಡೂ ನಾಕೌಟ್, ಎರಡಕ್ಕೂ ಮರುಪಂದ್ಯದಲ್ಲಿ ಉತ್ತರ ಕೊಟ್ಟರು. ಇವು ಅಗ್ರ ಶ್ರೇಣಿಯವರಲ್ಲದವರ ಕೈಯಲ್ಲಾದ ಸೋಲುಗಳು ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ತಿದ್ದಿಕೊಂಡು ಮರಳಿದವರನ್ನು, 1990ರಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಅವರಿಗೆ ಸೋತ ಮೇಲೆ ಆ ಹಿಂದಿನ ಎತ್ತರವನ್ನು ಮತ್ತೆಂದೂ ಮುಟ್ಟದ ಟೈಸನ್ ಅವರಿಗಿಂತ ಮೇಲೆ ಇಡದಿರಲು ನನಗೆ ಸಾಧ್ಯವಿಲ್ಲ. ಮೂವತ್ತೈದು ದಾಟಿದ ಮೇಲಿನ ಸೋಲುಗಳಿಗೆ ನಾನು ಹೆಚ್ಚೇನೂ ಬೆಲೆ ಕೊಡುವುದಿಲ್ಲ. 1981ರಲ್ಲಿ ಟ್ರೆವರ್ ಬರ್ಬಿಕ್ ಅವರಿಗೆ ಸೋತ ಅಲಿಯವರಿಂದ ಅಲಿಯವರ ಬಗ್ಗೆ ತಿಳಿಯುವಂಥದ್ದು ಏನೂ ಇಲ್ಲ.

ಆರನೆಯ ಹೆಜ್ಜೆ: ಪಂದ್ಯವನ್ನು ಕಣ್ಣಾರೆ ನೋಡಿ

ನೋಟ್‌ಬುಕ್ ತುಂಬಿದ ಮೇಲೆ ಚಿತ್ರಗಳಿಗೆ ಬನ್ನಿ. ಮುಖ್ಯಾಂಶಗಳ ತುಣುಕುಗಳನ್ನು ಬಿಟ್ಟು ಇಡೀ ಪಂದ್ಯ ನೋಡಿ, ವೀಕ್ಷಕ ವಿವರಣೆಯ ಧ್ವನಿ ನಿಲ್ಲಿಸಿ ನೋಡಿ. ಮೂಕಿ ಕಾಲದ ಚಿತ್ರಗಳನ್ನು ಈಗಿನ ವೇಗದಲ್ಲಿ ಓಡಿಸಿದರೆ ಮನುಷ್ಯರು ಗಡಬಡಿಸುವ ಗೊಂಬೆಗಳಂತೆ ಕಾಣುತ್ತಾರೆ. ಸರಿಯಾದ ವೇಗಕ್ಕೆ ಇಳಿಸಿದ ಪ್ರತಿ ಸಿಕ್ಕರೆ, 1910ರಲ್ಲಿ ರೀನೊದಲ್ಲಿ ಜಿಮ್ ಜೆಫ್ರಿಸ್ ವಿರುದ್ಧ ಜಾನ್ಸನ್ ತೆರೆದ ಅಂಗೈಯಿಂದ ಹೊಡೆತಗಳನ್ನು ದಾರಿಯಲ್ಲೇ ಹಿಡಿದು ನಿಲ್ಲಿಸುವ ಸೊಗಸು ಕಾಣಿಸುತ್ತದೆ. ಮೊದಲ ಸಲ ನೋಡುವಾಗ ಕಣ್ಣು ಕೈಗಳ ಮೇಲೆ ಹೋಗುತ್ತದೆ. ಎರಡನೆಯ ಸಲ ಪಾದಗಳನ್ನಷ್ಟೇ ನೋಡಿ. ಹೊಡೆದ ಮೇಲೆ ಆತ ಎಲ್ಲಿ ನಿಂತಿದ್ದಾನೆ, ಎದುರಾಳಿಯ ಎದುರಿಗೋ, ಪಕ್ಕಕ್ಕೋ? ಆ ಒಂದು ಗಮನದಿಂದ ತಿಳಿಯುವಷ್ಟು ಹತ್ತು ನಾಕೌಟ್ ನೋಡಿದರೂ ತಿಳಿಯುವುದಿಲ್ಲ.

ಎರಡು ಕ್ಷಣಗಳನ್ನು ಹತ್ತಿರದಿಂದ ನೋಡೋಣ. 1952ರ ಸೆಪ್ಟೆಂಬರ್ 23, ಫಿಲಡೆಲ್ಫಿಯಾ, 13ನೇ ಸುತ್ತು. ವಾಲ್ಕಾಟ್ ಹಗ್ಗದ ಕಡೆಗೆ ಹಿಂದೆ ಸರಿಯುತ್ತಾರೆ. ಮಾರ್ಸಿಯಾನೊ ಹಿಂಬಾಲಿಸುತ್ತಾರೆ. ಇಬ್ಬರ ಬಲಗೈಗಳೂ ಬಹುತೇಕ ಒಟ್ಟಿಗೇ ಹೊರಡುತ್ತವೆ. ಮಾರ್ಸಿಯಾನೊ ಕೈ ಸಾಗಬೇಕಾದ ದೂರ ಗಿಡ್ಡ, ಅದು ಮೊದಲು ತಲುಪುತ್ತದೆ. ವಾಲ್ಕಾಟ್ ಮುಖ ಓರೆಯಾಗಿ, ಎಡತೋಳು ಹಗ್ಗಕ್ಕೆ ಸಿಕ್ಕಿಕೊಂಡು, ಮಂಡಿಯೂರಿ ನಿಧಾನವಾಗಿ ಮುಂದಕ್ಕೆ ಕುಸಿಯುತ್ತಾರೆ. ಹನ್ನೆರಡು ಸುತ್ತು ಹೊಡೆತ ತಿಂದು, ಮುಖ ಊದಿ, ಲೆಕ್ಕದಲ್ಲಿ ಸೋಲುತ್ತಿದ್ದ ಮನುಷ್ಯನ ಕೈ ಅಷ್ಟು ನೇರವಾಗಿ, ಅಷ್ಟು ಚುರುಕಾಗಿ ಹೋಗುವುದನ್ನು ನೋಡಿದ ಮೇಲೆ, 49ರ ಅಂಕಿಯನ್ನು ಮರೆತರೂ ಮಾರ್ಸಿಯಾನೊ ದೊಡ್ಡವರು ಎಂಬುದನ್ನು ಮರೆಯಲಾಗುವುದಿಲ್ಲ.

ಇನ್ನೊಂದು, 1971ರ ಮಾರ್ಚ್ 8, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, 15ನೇ ಸುತ್ತು. ಫ್ರೇಜಿಯರ್ ಅವರ ಎಡಗೈ ಹುಕ್ ಅಲಿಯವರ ದವಡೆಗೆ ಪೂರ್ತಿಯಾಗಿ ಬೀಳುತ್ತದೆ, ಅಲಿ ಬೆನ್ನ ಮೇಲೆ ಅಂಗಾತ ಬೀಳುತ್ತಾರೆ, ಕಾಲುಗಳು ಮೇಲಕ್ಕೆ ಹಾರುತ್ತವೆ. ಹೊಡೆತವನ್ನು ನೋಡಿದ ಮೇಲೆ ಚಿತ್ರ ನಿಲ್ಲಿಸಬೇಡಿ. ಮುಂದಿನ ಕೆಲವು ಸೆಕೆಂಡುಗಳಲ್ಲಿ ಅಲಿ ಎದ್ದು ನಿಂತಿರುತ್ತಾರೆ, ಊದಿದ ದವಡೆಯಿಂದಲೇ ಸುತ್ತು ಮುಗಿಸುತ್ತಾರೆ. ಅವರು ಸೋತ ಪಂದ್ಯ ಇದು. ಅವರ ಹಿರಿಮೆಯ ಬಗ್ಗೆ ಇದು ಕೊಡುವ ಸಾಕ್ಷ್ಯ ಎಷ್ಟೋ ಗೆಲುವುಗಳಿಗಿಂತ ಹೆಚ್ಚು.

ಏಳನೆಯ ಹೆಜ್ಜೆ: ಗಾತ್ರವನ್ನು ಅದರ ಜಾಗದಲ್ಲಿಡಿ

ಮಾರ್ಸಿಯಾನೊ ಸುಮಾರು 185 ಪೌಂಡ್, ಅಂದರೆ 84 ಕೆ.ಜಿ. ತೂಗುತ್ತಿದ್ದರು. ಈಗ 200 ಪೌಂಡ್‌ವರೆಗಿನವರಿಗೆ ಕ್ರೂಸರ್‌ವೇಟ್ ಎಂಬ ಪ್ರತ್ಯೇಕ ವರ್ಗವಿದೆ. ಇಂದಾಗಿದ್ದರೆ ಅವರು ಹೆವಿವೇಟ್ ಆಗಿರುತ್ತಲೇ ಇರಲಿಲ್ಲ. ಇದನ್ನು ಅವರ ಮೇಲಿನ ದೂರನ್ನಾಗಿ ಬಳಸುವುದು ತಪ್ಪು. ಅವರ ಕಾಲದ ಹೆವಿವೇಟ್‌ಗಳಲ್ಲಿ ಬಹಳಷ್ಟು ಜನ ಇನ್ನೂರು ಪೌಂಡಿನ ಆಸುಪಾಸಿನವರು, ಅವರ ನಡುವೆಯೂ ಮಾರ್ಸಿಯಾನೊ ಚಿಕ್ಕವರೇ. ಗಾತ್ರವನ್ನು ತೂಗಬೇಕಾದದ್ದು ಎದುರಿಗೆ ನಿಂತವನ ಜೊತೆ. ಡೆಂಪ್ಸಿ ವಿಲರ್ಡ್ ಅವರಿಗಿಂತ ಸುಮಾರು 26 ಕೆ.ಜಿ. ಹಗುರವಾಗಿದ್ದರು, ಆದರೂ ಮೂರು ಸುತ್ತುಗಳಲ್ಲಿ ಮುಗಿಸಿದರು. ಆ ವಿಲರ್ಡ್ 37 ವರ್ಷದವರು, ಮೂರು ವರ್ಷ ಆಡದೆ ಕುಳಿತಿದ್ದವರು ಎಂಬುದನ್ನು ಪಕ್ಕದ ಅಂಕಣದಲ್ಲಿ ಬರೆಯಲು ಮರೆಯದಿದ್ದರೆ ಸಾಕು.

ಎಂಟನೆಯ ಹೆಜ್ಜೆ: ಉತ್ತುಂಗ ಮತ್ತು ಬಾಳಿಕೆಯನ್ನು ಬೇರೆ ಬೇರೆಯಾಗಿ ಬರೆಯಿರಿ

1988ರ ಜೂನ್‌ನಲ್ಲಿ ಮೈಕಲ್ ಸ್ಪಿಂಕ್ಸ್ ಅವರನ್ನು 91 ಸೆಕೆಂಡಿನಲ್ಲಿ ಮುಗಿಸಿದ ಟೈಸನ್ ಅವರ ಉತ್ತುಂಗ ಯಾರ ಉತ್ತುಂಗಕ್ಕೂ ಕಡಿಮೆಯಲ್ಲ. ಅದು ಬಾಳಿದ್ದು ಮೂರೂವರೆ ವರ್ಷವೂ ಇಲ್ಲ. ಜೋ ಲೂಯಿಸ್ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಚಾಂಪಿಯನ್ ಆಗಿದ್ದು, 25 ಬಾರಿ ಪಟ್ಟ ಉಳಿಸಿಕೊಂಡರು. ಅದರ ನಡುವೆ ನಾಲ್ಕು ವರ್ಷ ಯುದ್ಧಕ್ಕೆ ಹೋಯಿತು. ಹೋಮ್ಸ್ 20 ಬಾರಿ ಉಳಿಸಿಕೊಂಡರು. ಉತ್ತುಂಗ, ಬಾಳಿಕೆ ಎರಡನ್ನೂ ಕೂಡಿಸಿ ಒಂದೇ ಅಂಕ ಕೊಡಲು ಹೋದರೆ ಎಲ್ಲರಿಗೂ ಅನ್ಯಾಯವಾಗುತ್ತದೆ, ಹಾಗಾಗಿ ಎರಡು ಸಾಲುಗಳಲ್ಲಿ ಬರೆಯಿರಿ.

ಒಂಬತ್ತನೆಯ ಹೆಜ್ಜೆ: ಜೋಡಿ ಜೋಡಿಯಾಗಿ ಹೋಲಿಸಿ, ಮೆಟ್ಟಿಲುಗಳಲ್ಲಿ ನಿಲ್ಲಿಸಿ

ಒಂದರಿಂದ ಇಪ್ಪತ್ತರವರೆಗೆ ಸಂಖ್ಯೆ ಕೊಡುವ ಪಟ್ಟಿ ಓದಲು ಚೆಂದ, ಆದರೆ ಹನ್ನೊಂದನೆಯವರು ಹನ್ನೆರಡನೆಯವರಿಗಿಂತ ಹೇಗೆ ಮೇಲು ಎಂದು ಕೇಳಿದರೆ ಬರೆದವರ ಬಳಿಯೇ ಉತ್ತರವಿರುವುದಿಲ್ಲ. ಮೂರು ನಾಲ್ಕು ಮೆಟ್ಟಿಲು ಮಾಡಿ. ಇಬ್ಬರನ್ನು ಮಾತ್ರ ಎದುರುಬದುರು ಇಟ್ಟು, ಹಿಂದಿನ ಹೆಜ್ಜೆಗಳ ಪುಟಗಳನ್ನು ಪಕ್ಕಪಕ್ಕದಲ್ಲಿ ತೆರೆದು, ಯಾವ ಅಂಕಣ ಯಾರ ಕಡೆ ವಾಲುತ್ತದೆ ನೋಡಿ. ಸ್ಪಷ್ಟವಾಗಿ ವಾಲದಿದ್ದರೆ ಇಬ್ಬರೂ ಒಂದೇ ಮೆಟ್ಟಿಲಿನಲ್ಲಿರಲಿ.

ನನ್ನ ಮೇಲಿನ ಮೆಟ್ಟಿಲಿನಲ್ಲಿ ಇಬ್ಬರೇ ಇದ್ದಾರೆ, ಅಲಿ ಮತ್ತು ಜೋ ಲೂಯಿಸ್. ಬಾಳಿಕೆಯಲ್ಲಿ, ಪಟ್ಟವನ್ನು ಬಿಡದೆ ಹಿಡಿದುಕೊಂಡದ್ದರಲ್ಲಿ, ಹೊಡೆತದ ಶುದ್ಧತೆಯಲ್ಲಿ ಲೂಯಿಸ್ ಮುಂದೆ. ಗೆಲುವುಗಳ ದಿನದ ಬೆಲೆಯಲ್ಲಿ ಅಲಿ ಬಹಳ ಮುಂದೆ: ಸಾನಿ ಲಿಸ್ಟನ್, ಫ್ರೇಜಿಯರ್, ಫೋರ್‌ಮನ್ ಈ ಮೂವರಂಥವರು ಒಬ್ಬರೇ ಬಾಕ್ಸರ್‌ನ ಗೆಲುವಿನ ಪಟ್ಟಿಯಲ್ಲಿ ಮತ್ತೆಲ್ಲೂ ಇಲ್ಲ, ಅದೂ 25ರಿಂದ 28ರವರೆಗಿನ ಮೂರೂವರೆ ವರ್ಷ ರಿಂಗ್‌ನಿಂದ ಹೊರಗೆ ಕಳೆದ ಮೇಲೂ. ನಾನು ಅಲಿಯವರ ಕಡೆ ವಾಲುತ್ತೇನೆ. ಲೂಯಿಸ್ ಕಡೆ ವಾಲುವವರ ಪುಟವೂ ಕ್ರಮವಾಗಿ ತುಂಬಿದ್ದರೆ ಅವರ ಜೊತೆ ನನಗೆ ಜಗಳವಿಲ್ಲ. ಎರಡನೆಯ ಮೆಟ್ಟಿಲಿನಲ್ಲಿ ಜಾನ್ಸನ್, ಮಾರ್ಸಿಯಾನೊ, ಫೋರ್‌ಮನ್, ಹೋಮ್ಸ್, ಲೆನಾಕ್ಸ್ ಲೂಯಿಸ್, ಎವಾಂಡರ್ ಹೋಲಿಫೀಲ್ಡ್, ಫ್ರೇಜಿಯರ್ ಇದ್ದಾರೆ. ಅವರ ಜೊತೆಯಲ್ಲೇ, ಒಮ್ಮೆಯೂ ವಿಶ್ವ ಹೆವಿವೇಟ್ ಪಟ್ಟಕ್ಕಾಗಿ ಸೆಣಸುವ ಅವಕಾಶ ಸಿಗದ ಲ್ಯಾಂಗ್‌ಫರ್ಡ್ ಅವರನ್ನೂ ಬರೆದಿದ್ದೇನೆ. ಬಾಗಿಲು ಮುಚ್ಚಿದವರ ತಪ್ಪಿಗೆ ಹೊರಗೆ ನಿಂತವರು ದಂಡ ತೆರಬಾರದು.

ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಅವರ ಹೆಸರು ಅದೇ ಮೆಟ್ಟಿಲಿನಲ್ಲಿ ಪೆನ್ಸಿಲ್‌ನಲ್ಲಿದೆ. ಕ್ರೂಸರ್‌ವೇಟ್‌ನಲ್ಲಿ ಎಲ್ಲ ಬೆಲ್ಟ್ ಗೆದ್ದು ಮೇಲೆ ಬಂದ ಅವರು, 2024ರ ಮೇ 18ರಂದು ರಿಯಾದ್‌ನಲ್ಲಿ ತಮಗಿಂತ 15 ಕೆ.ಜಿ.ಗೂ ಹೆಚ್ಚು ತೂಕದ ಟೈಸನ್ ಫ್ಯೂರಿ ಅವರನ್ನು ಸೋಲಿಸಿ ನಾಲ್ಕೂ ಬೆಲ್ಟ್‌ಗಳನ್ನು ಒಟ್ಟುಗೂಡಿಸಿದರು, ಡಿಸೆಂಬರ್‌ನಲ್ಲಿ ಮತ್ತೆ ಸೋಲಿಸಿದರು. 2025ರ ಜುಲೈನಲ್ಲಿ ವೆಂಬ್ಲಿಯಲ್ಲಿ ಡೇನಿಯಲ್ ಡುಬ್ವಾ ಅವರನ್ನು ಐದನೆಯ ಸುತ್ತಿನಲ್ಲಿ ನಾಕೌಟ್ ಮಾಡಿದಾಗ ಉಸಿಕ್ ಅವರಿಗೆ 38, ಡುಬ್ವಾ ಅವರಿಗೆ 27. ಆ ಪಂದ್ಯದ ಮೂರು ಅಂಕಣಗಳನ್ನು ತುಂಬಿದ್ದೇನೆ. ಡುಬ್ವಾ ಮುಂದೆ ಏನು ಮಾಡುತ್ತಾರೆ ಎಂದು ಬರೆಯಬೇಕಾದ ನಾಲ್ಕನೆಯದನ್ನು ಖಾಲಿ ಬಿಟ್ಟಿದ್ದೇನೆ.